ಕಾಫಿ ಕಣದಲ್ಲಿ ಫ್ಯಾಷನ್ ಶೋ: ರ‍್ಯಾಂಪ್ ಹೇಗಿರಬೇಕು, ಬ್ಯಾಕ್‌ಸ್ಟೇಜ್ ಹೇಗೆ?

ಬೇಟೋಳಿ ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನವೆಂಬರ್ ಮೊದಲ ವಾರ ವಿರಾಜಪೇಟೆ ಹತ್ತಿರ ನಮ್ಮ ತೋಟದಲ್ಲಿ ಕಾಫಿ ಒಣಗಿಸುವ ಕಣದಲ್ಲಿ ಸಣ್ಣದೊಂದು ಫ್ಯಾಷನ್ ಶೋ ಮಾಡೋಣ ಅಂತ ಇದ್ದೇವೆ. ಕಾಫಿ ಕೊಯ್ಲು ಶುರುವಾಗುವ ಮುಂಚೆ ಕಣ ಖಾಲಿ ಇರುತ್ತದೆ. ಊರಿನ ಟೈಲರ್ ಅಕ್ಕಂದಿರು ಹೊಲಿದ 30 ಉಡುಪು. ಮಾಡೆಲ್‌ಗಳು 10 ಜನ, 6 ಹುಡುಗಿಯರು, 4 ಹುಡುಗರು, ಎಲ್ಲ ಕಾಲೇಜು ಮಕ್ಕಳೇ. ಒಬ್ಬೊಬ್ಬರಿಗೆ 3 ಸುತ್ತು. ಕೊನೆಯ ಸುತ್ತು ಹುಡುಗಿಯರಿಗೆ ಕೊಡವ ಸೀರೆ, ಹುಡುಗರಿಗೆ ಕುಪ್ಯ-ಚೇಲೆ (ಕೊಡವ ಗಂಡಸರ ಉದ್ದ ನಿಲುವಂಗಿ ಮತ್ತು ಸೊಂಟಪಟ್ಟಿ).

ಶಾಮಿಯಾನದವರು 4 ಅಡಿ ಎತ್ತರದ ರ‍್ಯಾಂಪ್, ಹಿಂದೆ ದೊಡ್ಡ ಎಲ್‌ಇಡಿ ಪರದೆ ಹಾಕೋಣ ಅನ್ನುತ್ತಿದ್ದಾರೆ. ಅರ್ಧ ದುಡ್ಡು ಅದಕ್ಕೇ ಹೋಗುತ್ತದೆ. ಬೇಕಾ ಇದೆಲ್ಲ? ಬಟ್ಟೆ ಬದಲಿಸುವ ಜಾಗ ಹೇಗೆ ಮಾಡಬೇಕು ಅನ್ನುವುದೂ ಗೊತ್ತಾಗುತ್ತಿಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಮಡಿಕೇರಿ ಸೌಂಡ್ಸ್:

ಅಕ್ಟೋಬರ್ ನಡುವೆ ತಲಕಾವೇರಿ ತೀರ್ಥೋದ್ಭವ ಮುಗಿದ ಮೇಲೂ ನಮ್ಮಲ್ಲಿ ಸಂಜೆ ಮಳೆ ಹೊಡೆಯುತ್ತದೆ. ಪಕ್ಕದಲ್ಲಿ ಗೋದಾಮು ಇದ್ದರೆ ಖಾಲಿ ಇಟ್ಟುಕೊಳ್ಳಿ. ಹಾಡೆಲ್ಲ ಸೇರಿಸಿ ಒಂದೇ ಫೈಲ್ ಮಾಡಿ, ಪೆನ್ ಡ್ರೈವ್‌ನಲ್ಲಿ ಎರಡು ಕಾಪಿ ಇರಲಿ. ಯಾರದೋ ಮೊಬೈಲ್‌ನಿಂದ ಬ್ಲೂಟೂತ್‌ನಲ್ಲಿ ಹಾಕಬೇಡಿ. ನಡುವೆ ಒಂದು ಕಾಲ್ ಬಂದರೆ ಸಾಕು, ನಡೆಯುತ್ತಿರುವ ಮಕ್ಕಳು ಗಲಿಬಿಲಿಯಾಗುತ್ತಾರೆ.

ಪರದೆ ಹಿಂದಿನವಳು:

ತಂಗಿ, ನಾನು ಪೊನ್ನಂಪೇಟೆಯವಳು. ಬೆಂಗಳೂರಿನಲ್ಲಿ ಶೋಗಳ ಬ್ಯಾಕ್‌ಸ್ಟೇಜ್ ನೋಡಿಕೊಳ್ಳುತ್ತೇನೆ. ಮಾಡೆಲ್‌ಗಳಿಗೆ ಬಟ್ಟೆ ತೊಡಿಸುವ ಡ್ರೆಸ್ಸರ್ ಆಗಿ ಶುರು ಮಾಡಿದ್ದು. ನಿನ್ನ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ.

ಎತ್ತರದ ರ‍್ಯಾಂಪ್ ಬೇಡವೇ ಬೇಡ. 4 ಅಡಿ ಮೇಲೆ ನಡೆದರೆ ಮುಂದಿನ ಸಾಲಿನವರಿಗೆ ಕಾಣುವುದು ಚಪ್ಪಲಿ. ಕಣ ಹೇಗೂ ಮಟ್ಟವಾಗಿದೆ, ನೆಲದ ಮೇಲೇ ನಡೆಸು. ದೊಡ್ಡವರೂ ಎಷ್ಟೋ ಸಲ ಹಾಗೇ ಮಾಡುತ್ತಾರೆ. ಎಲ್‌ಇಡಿ ಪರದೆಯೂ ಬೇಡ. 2007ರಲ್ಲಿ ಇಟಲಿಯ ಫ್ಯಾಷನ್ ಕಂಪನಿ ಫೆಂಡಿಯವರು ಚೀನಾದ ಮಹಾಗೋಡೆಯ ಮೇಲೇ ಶೋ ಮಾಡಿದರು. 2023ರ ಮಾರ್ಚ್‌ನಲ್ಲಿ ಫ್ರಾನ್ಸಿನ ಡಿಯೋರ್ ಕಂಪನಿಯವರು ಮುಂಬೈಯ ಗೇಟ್‌ವೇ ಆಫ್ ಇಂಡಿಯಾ ಎದುರು ಮಾಡಿದಾಗ, ನಮ್ಮ ಕಸೂತಿಯವರ ಕೈಯಲ್ಲಿ ಮಾಡಿಸಿದ ದೊಡ್ಡ ತೋರಣ ಕಟ್ಟಿದ್ದರು. ಅಷ್ಟು ದುಡ್ಡಿದ್ದವರೂ ಇರುವ ಜಾಗವನ್ನೇ ಸೆಟ್ ಮಾಡಿಕೊಂಡರು ನೋಡು. ನಿನಗೆ ಸಿಲ್ವರ್ ಓಕ್ ಸಾಲು, ಮೆಣಸಿನ ಬಳ್ಳಿ, ಹಂಚಿನ ಗೋದಾಮು ಎಲ್ಲ ಇದೆಯಲ್ಲ.

ಈಗ ಮುಖ್ಯ ವಿಷಯ. ಉದ್ದಕ್ಕೆ ಹೋಗಿ ಬರುವ ರ‍್ಯಾಂಪ್ ಇರುವುದು ತುದಿಯಲ್ಲಿ ನಿಂತ ಫೋಟೋಗ್ರಾಫರ್‌ಗಳಿಗೋಸ್ಕರ. ಅವರಿಗೆ ಸಿಗುವುದು ಮುಂಭಾಗ. ಕೊಡವ ಸೀರೆಯ ನೆರಿಗೆ ಇರುವುದು ಹಿಂದೆ! ಆ ನೆರಿಗೆ ಬೀಳುವ ಚೆಂದ ಕಾಣಿಸದಿದ್ದರೆ ಕೊನೆಯ ಸುತ್ತು ಮಾಡಿ ಏನು ಬಂತು? ಇನ್ನೊಂದು, ಸೆರಗು ಎಡಗೈ ಕೆಳಗಿನಿಂದ ಬಂದು ಎದೆ ಮೇಲೆ ಹಾದು ಬಲ ಭುಜಕ್ಕೆ ಪಿನ್ ಆಗುತ್ತದೆ. ಅಂದರೆ ಬ್ರೋಚ್, ಸೆರಗಿನ ಜರಿ ಎಲ್ಲ ಬಲಗಡೆ. ಹಾಗಾಗಿ ಕುರ್ಚಿಗಳನ್ನು ಕಣದ ನಡುವೆ ಎರಡು ಸಾಲು ಹಾಕು, ಬೆನ್ನಿಗೆ ಬೆನ್ನು ಕೊಟ್ಟು, ಹೊರಗೆ ಮುಖ ಮಾಡಿ. ಮಕ್ಕಳು ಗೋದಾಮಿನ ಬಾಗಿಲಿನಿಂದ ಹೊರಟು ಪ್ರದಕ್ಷಿಣೆ ಹಾಕುವ ದಿಕ್ಕಿನಲ್ಲಿ ಒಂದು ಸುತ್ತು ಬರಲಿ. ಬಲ ಭುಜ ಯಾವಾಗಲೂ ಜನರ ಕಡೆ ಇರುತ್ತದೆ. ದಾಟಿ ಹೋದ ಮೇಲೆ ನೆರಿಗೆಯೂ ಕಾಣುತ್ತದೆ. ಪ್ರತಿ ತಿರುವಿನಲ್ಲಿ ಬೆನ್ನು ತೋರಿಸಿ ಮೂರು ಎಣಿಸುವಷ್ಟು ಹೊತ್ತು ನಿಲ್ಲಲಿ. ಫೋಟೋ ತೆಗೆಯುವವರು ಎದುರುಬದುರು ಮೂಲೆಗಳಲ್ಲಿ ಇರಲಿ.

ಇನ್ನು ಬ್ಯಾಕ್‌ಸ್ಟೇಜ್. ಮೊದಲು ಲೆಕ್ಕ ಹಾಕು. 20 ಸೆಕೆಂಡಿಗೆ ಒಬ್ಬರನ್ನು ಬಿಟ್ಟರೆ 10 ಜನರ ಸುತ್ತು 200 ಸೆಕೆಂಡು. ಒಂದು ಸುತ್ತು ನಡೆಯಲು ಒಂದು ನಿಮಿಷ ಅಂದುಕೊ. ಬಟ್ಟೆ ಬದಲಿಸಲು ಉಳಿಯುವುದು ಎರಡು ನಿಮಿಷ ಚಿಲ್ಲರೆ. ಕುರ್ತಾಗೆ ಸಾಕು. ಸೀರೆಗೆ ಸಾಧ್ಯವೇ ಇಲ್ಲ. ಅದಕ್ಕೇ ಎರಡನೇ ಸುತ್ತಿನಲ್ಲಿ ಹುಡುಗಿಯರನ್ನು ಮೊದಲು ಬಿಡು, ಹುಡುಗರು ಆಮೇಲೆ. ಅದು ಮುಗಿದ ತಕ್ಷಣ ವಾಲಗದವರು (ನಮ್ಮ ಕೊಡಗಿನ ವಾದ್ಯದವರು) ಬರಲಿ, ಐದು ನಿಮಿಷ ಬಾರಿಸಲಿ. ವಾಲಗ ಕೇಳಿದರೆ ನಮ್ಮ ಜನ ಕೂತಿರುವುದೇ ಕಷ್ಟ, ಕುಣಿದುಕೊಳ್ಳಲಿ ಬಿಡು. ಕೊನೆಯ ಸುತ್ತಿಗೆ ಕುಪ್ಯದ ಹುಡುಗರು ಮೊದಲು, ಸೀರೆಯವರು ಕೊನೆಗೆ. ಹುಡುಗರ ಮಂಡೆ ತುಣಿ (ಪೇಟ) ಮೊದಲೇ ಕಟ್ಟಿಟ್ಟಿರಬೇಕು. ಸೀರೆ ನೆರಿಗೆಯೂ ಅಷ್ಟೇ, ಬೆಳಿಗ್ಗೆಯೇ ಮಡಿಸಿ ಸೊಂಟದ ಹತ್ತಿರ ದಾರದಲ್ಲಿ ಎರಡು ಹೊಲಿಗೆ ಹಾಕಿಸು. ಉಡಿಸುವವರಿಗೆ ಅರ್ಧ ಕೆಲಸ ಕಡಿಮೆಯಾಗುತ್ತದೆ.

ಒಬ್ಬೊಬ್ಬ ಮಾಡೆಲ್‌ಗೂ ಬಟ್ಟೆ ನೇತುಹಾಕಲು ಬೇರೆ ಜಾಗ, ಒಬ್ಬ ಡ್ರೆಸ್ಸರ್. ಮೇಲೆ ಹೆಸರು. ಬಟ್ಟೆ ಬರುವ ಸರದಿಯಲ್ಲೇ ಇರಬೇಕು, ಕೆಳಗೆ ಚಪ್ಪಲಿ, ಆ ಉಡುಪಿನ ಒಡವೆ ಒಂದು ಸಣ್ಣ ಚೀಲದಲ್ಲಿ ಅದೇ ಹ್ಯಾಂಗರ್‌ಗೆ ಕಟ್ಟಿರಬೇಕು. ಜೋಮಾಲೆ, ಪತ್ತಾಕ್‌ನಂಥ ಕೊರಳ ಒಡವೆ ಮನೆಯಿಂದ ತಂದಿರುತ್ತಾರೆ, ಬರೆದಿಟ್ಟು ಎಣಿಸಿ ಕೊಡು, ಎಣಿಸಿ ತಗೋ. ಹುಡುಗರು ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ಒಬ್ಬರ ಕೈಯಲ್ಲೇ ಇರಲಿ, ಒರೆಯಿಂದ ಹೊರಗೆ ಬಾರದ ಹಾಗೆ ಕಟ್ಟಿರಲಿ. ತಲೆ ಮೇಲಿಂದ ಹಾಕುವ ಉಡುಪಿದ್ದರೆ ಮುಖಕ್ಕೆ ತೆಳು ಬಟ್ಟೆ ಮುಚ್ಚಿ ಹಾಕು. ಮೇಕಪ್ ಬಟ್ಟೆಗೆ ಹತ್ತುವುದಿಲ್ಲ. ಬಾಗಿಲಲ್ಲಿ ಒಬ್ಬರೇ ನಿಂತು ಕೊನೆಯ ಸಲ ನೋಡಿ ಬಿಡಬೇಕು: ಲೇಬಲ್ ಹೊರಗಿದೆಯಾ, ಪಿನ್ನು ಸರಿಯಾಗಿದೆಯಾ. ‘ಹೋಗು’ ಅಂತ ಹೇಳುವ ಬಾಯಿಯೂ ಅದೊಂದೇ.

ದಯವಿಟ್ಟು ಇದೊಂದು ಮರೆಯಬೇಡ. ಬದಲಿಸುವ ಜಾಗಕ್ಕೆ ಶಾಮಿಯಾನ ಬಟ್ಟೆ ಕಟ್ಟಿ ಒಳಗೆ ದೀಪ ಹಾಕಿದರೆ ನೆರಳು ಹೊರಗೆ ಕಾಣುತ್ತದೆ. ಗೋದಾಮಿನ ಗೋಡೆಯೊಳಗೇ ಮಾಡು. ಹುಡುಗಿಯರಿಗೆ ಬೇರೆ, ಹುಡುಗರಿಗೆ ಬೇರೆ. ಒಳಗೆ ಯಾರ ಕೈಯಲ್ಲೂ ಮೊಬೈಲ್ ಇರಬಾರದು, ಮಾಡೆಲ್‌ನ ಸ್ವಂತ ಅಣ್ಣನೇ ಬಂದರೂ ಹೊರಗೆ ನಿಲ್ಲಿಸು. ಈ ಮಕ್ಕಳ ಅಪ್ಪ ಅಮ್ಮ ನಿನ್ನನ್ನು ನಂಬಿ ಕಳಿಸುತ್ತಾರೆ.

ಬೇಟೋಳಿ ಹುಡುಗಿ:

ಅಕ್ಕ, ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಪ್ರದಕ್ಷಿಣೆ ವಿಷಯ ನಮಗೆ ಹೊಳೆದೇ ಇರಲಿಲ್ಲ. ಎರಡು ಡೌಟು. ಲೈಟಿಂಗ್ ಏನು ಮಾಡಲಿ? ಮತ್ತೆ ಹುಡುಗಿಯರು ಹೀಲ್ಸ್ ಬೇಕೇ ಬೇಕು ಅನ್ನುತ್ತಿದ್ದಾರೆ.

ಪರದೆ ಹಿಂದಿನವಳು:

ಲೈಟಿಗೆ ದುಡ್ಡು ಹಾಕಬೇಡ. ನಾಲ್ಕು ಗಂಟೆಗೆ ಶುರು ಮಾಡು, ವಾಲಗ ಸೇರಿ ಹೆಚ್ಚುಕಡಿಮೆ ಕಾಲು ಗಂಟೆಯ ಶೋ. ಆ ಹೊತ್ತಿನ ಬಿಸಿಲು ಓರೆಯಾಗಿ ಬೀಳುತ್ತದೆ, ರೇಷ್ಮೆಗೆ ಅದಕ್ಕಿಂತ ಒಳ್ಳೆಯ ಬೆಳಕಿಲ್ಲ. ಒಳಗೆ ಇಸ್ತ್ರಿ, ಸ್ಟೀಮರ್ ಜಾಸ್ತಿ ಕರೆಂಟ್ ಎಳೆಯುತ್ತವೆ, ಸೌಂಡ್‌ಗೆ ಬೇರೆ ಲೈನ್ ಕೊಡಿಸು. ಜನರೇಟರ್ ಇರಲಿ.

ಹೀಲ್ಸ್ ಬೇಡ. 1993ರಲ್ಲಿ ಪ್ಯಾರಿಸ್‌ನಲ್ಲಿ ಡಿಸೈನರ್ ವಿವಿಯನ್ ವೆಸ್ಟ್‌ವುಡ್ ಶೋನಲ್ಲಿ ಹೆಸರಾಂತ ಮಾಡೆಲ್ ನವೋಮಿ ಕ್ಯಾಂಪ್‌ಬೆಲ್ ಎತ್ತರದ ಶೂ ಹಾಕಿ ರ‍್ಯಾಂಪ್ ಮೇಲೇ ಬಿದ್ದಳು. ನಗುತ್ತಾ ಎದ್ದಳು, ನಿಜ. ಆದರೆ ಅವಳು ಅಷ್ಟು ಪಳಗಿದವಳು. ನಿನ್ನ ಕಣದ ಸಿಮೆಂಟಿಗೆ ಮಳೆಗಾಲದ ಪಾಚಿ ಇರುತ್ತದೆ. ಚೆನ್ನಾಗಿ ಉಜ್ಜಿಸಿ ಒಣಗಿಸು, ಚಪ್ಪಟೆ ಚಪ್ಪಲಿಗೆ ರಬ್ಬರ್ ಅಡಿ ಹಾಕಿಸು.

ಟ್ರಯಲ್ ದಿನ ಸೀರೆ ಉಡಿಸಲು ಬಲ್ಲ ಅಜ್ಜಿಯರನ್ನು ಕರೆಸು. ಒಬ್ಬೊಬ್ಬರಿಗೆ ಎಷ್ಟು ನಿಮಿಷ ಹಿಡಿಯಿತು ಅಂತ ಬರೆದು ಇಲ್ಲಿ ಹಾಕು. ಯಾರ ನಂತರ ಯಾರು ಅನ್ನುವ ಪಟ್ಟಿ ನಾನೇ ಮಾಡಿಕೊಡುತ್ತೇನೆ.