‘ಆಪರೇಷನ್ ಆಗುವುದಿಲ್ಲ’ ಎಂಬುದಕ್ಕೆ ತಕ್ಕ ಮಾತು ಯಾವುದು?

ಮಾನ್ಯರೇ,

ಹುಟ್ಟಿನಿಂದಲೇ ಹೃದಯದೋಷವಿರುವ ಮಕ್ಕಳ ತಂದೆತಾಯಿಗಳಿಗಾಗಿ ಒಂದು ಮಾಹಿತಿಪತ್ರ ಬರೆಯುತ್ತಿದ್ದೇನೆ. ಶಸ್ತ್ರಚಿಕಿತ್ಸೆ ತಡವಾದರೆ ಏನಾಗುತ್ತದೆ ಎಂದು ವಿವರಿಸುವಾಗ ‘ತಡ’ ಎಂಬ ಪದವೊಂದೇ ಸಾಲುತ್ತಿಲ್ಲ.

ಹೃದಯದ ಕೆಳಗಿನ ಎರಡು ಕೋಣೆಗಳ ನಡುವಣ ದೊಡ್ಡ ರಂಧ್ರವನ್ನು ಸಾಮಾನ್ಯವಾಗಿ ಮಗುವಿಗೆ ವರ್ಷ ತುಂಬುವುದರೊಳಗೆ ಮುಚ್ಚುತ್ತಾರೆ. ಹಾಗೆಯೇ ಬಿಟ್ಟರೆ, ಶ್ವಾಸಕೋಶಕ್ಕೆ ಅತಿಯಾಗಿ ನುಗ್ಗುವ ರಕ್ತದಿಂದ ಅಲ್ಲಿನ ನಾಳಗಳ ಗೋಡೆ ದಪ್ಪಗಾಗಿ, ಒತ್ತಡ ಏರುತ್ತಾ ಹೋಗಿ, ಕೊನೆಗೆ ರಕ್ತವು ಬಲಗಡೆಯಿಂದ ಎಡಗಡೆಗೆ ತಿರುಗಿ ಹರಿಯತೊಡಗುತ್ತದೆ; ತುಟಿ, ಉಗುರುಗಳು ನೀಲಿಗಟ್ಟುತ್ತವೆ. 1897ರಲ್ಲಿ ವೈದ್ಯ ವಿಕ್ಟರ್ ಐಸೆನ್‌ಮೆಂಗರ್ ವರ್ಣಿಸಿದ ಈ ಸ್ಥಿತಿಯಲ್ಲಿ, ಬಲಗೋಣೆಯ ಒತ್ತಡಕ್ಕೆ ಉಳಿದಿರುವ ದಾರಿಯೇ ಆ ರಂಧ್ರವಾದ್ದರಿಂದ ಅದನ್ನು ಮುಚ್ಚುವುದು ಜೀವಕ್ಕೆ ಅಪಾಯ. ಇದಕ್ಕೂ ಮುನ್ನ, ನಾಳಗಳ ಒತ್ತಡ ಏರುತ್ತಿರುವಾಗ, ಶ್ವಾಸಕೋಶಕ್ಕೆ ಹೋಗುವ ರಕ್ತ ಕಡಿಮೆಯಾಗಿ ಮಗುವಿನ ಏದುಸಿರು ಇಳಿಯುತ್ತದೆ, ಮೈ ತುಂಬಿಕೊಳ್ಳುತ್ತದೆ. ಮನೆಯವರು ಗುಣವಾಯಿತೆಂದೇ ನಂಬುತ್ತಾರೆ. ಸಣ್ಣ ರಂಧ್ರಗಳು ಎಷ್ಟೋ ಸಲ ತಾವಾಗಿಯೇ ಮುಚ್ಚಿಕೊಳ್ಳುವುದರಿಂದ ಈ ನಂಬಿಕೆಗೆ ಇನ್ನಷ್ಟು ಬಲ ಬರುತ್ತದೆ.

ಹೃದಯದ ನಾಲ್ಕು ದೋಷಗಳು ಹುಟ್ಟಿನಿಂದಲೇ ಒಟ್ಟಿಗಿರುವ ಫ್ಯಾಲೋ ಚತುಷ್ಟಯದ ಮಾತು ಬೇರೆ. ಅಲ್ಲಿ ಶ್ವಾಸಕೋಶದ ದಾರಿಯೇ ಕಿರಿದಾಗಿರುವುದರಿಂದ ನಾಳಗಳು ಬಹುಮಟ್ಟಿಗೆ ಕೆಡದೆ ಉಳಿದುಕೊಳ್ಳುತ್ತವೆ. ದೊಡ್ಡವರಾದ ಮೇಲೂ ಹಲವರಿಗೆ ಶಸ್ತ್ರಚಿಕಿತ್ಸೆ ಸಾಧ್ಯ. ಆದರೂ ಆಮ್ಲಜನಕದ ಕೊರತೆಯಿಂದ ರಕ್ತ ಮಂದವಾಗಿ, ಪಾರ್ಶ್ವವಾಯು, ಮೆದುಳಿನ ಕೀವುಗಟ್ಟುವಿಕೆ ಇವುಗಳ ಭಯ ಅಷ್ಟೂ ಕಾಲ ಇದ್ದೇ ಇರುತ್ತದೆ.

ಎರಡನೆಯದಕ್ಕೆ ‘ತಡವಾದ ಶಸ್ತ್ರಚಿಕಿತ್ಸೆ’ ಎನ್ನಬಹುದು. ಮೊದಲನೆಯದಕ್ಕೆ ಏನೆನ್ನಬೇಕು ಎಂಬುದೇ ನನ್ನ ಪ್ರಶ್ನೆ. ‘ಆಪರೇಷನ್ ಆಗುವುದಿಲ್ಲ’ ಎಂದರೆ ಆ ಆಸ್ಪತ್ರೆಗೆ ಸಾಮರ್ಥ್ಯವಿಲ್ಲವೆಂದೋ ಹಣ ಸಾಲದೆಂದೋ ಕೇಳಿಸಿ, ಹೆತ್ತವರು ಸಾಲ ಮಾಡಿ ಇನ್ನೊಂದು ಊರಿಗೆ ಓಡುತ್ತಾರೆ. ‘ಕಾಲ ಮಿಂಚಿದೆ’ ಎಂಬುದು ನಮ್ಮ ಮಾತೇ, ಅರ್ಥವೂ ಹತ್ತಿರದ್ದು. ಆದರೆ ಅದರಲ್ಲಿ ಹೆತ್ತವರ ಮೇಲಿನ ದೂರು ಸೇರಿಕೊಂಡಿದೆ. ಎಲ್ಲವೂ ಮುಗಿಯಿತೆಂಬ ಧ್ವನಿಯೂ ಇದೆ. ಈ ಸ್ಥಿತಿಯಲ್ಲಿರುವ ಅನೇಕರು ಔಷಧಿ, ತಪಾಸಣೆಗಳ ನೆರವಿನಿಂದ ನಡುವಯಸ್ಸಿನವರೆಗೂ ಬದುಕುತ್ತಾರೆ ಎಂಬುದನ್ನು ನೆನೆದರೆ, ಆ ಮಾತನ್ನು ಮಗುವಿನ ತಾಯಿಯ ಮುಂದಿಡಲು ನನಗೆ ಮನಸ್ಸು ಒಪ್ಪುವುದಿಲ್ಲ.

‘ಮುಚ್ಚಬಾರದ ರಂಧ್ರ’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ. ‘ಆಗದು’ ಎನ್ನುವುದಕ್ಕಿಂತ ‘ಬಾರದು’ ಎಂಬುದರಲ್ಲಿ ಕಾರಣ ಮಗುವಿನ ಹಿತದಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆಂದು ನನ್ನ ಎಣಿಕೆ. ಉತ್ತರ ಕರ್ನಾಟಕದ, ಕರಾವಳಿಯ ಆಡುಮಾತುಗಳಲ್ಲಿ ಇದಕ್ಕಿಂತ ಹಗುರವಾದ, ದೂರಿನ ಸೋಂಕಿಲ್ಲದ ಪ್ರಯೋಗವಿದ್ದರೆ ದಯವಿಟ್ಟು ವಾಕ್ಯಸಮೇತ ತಿಳಿಸಿ.