ಗೋ (Go) ಪ್ರೋಗ್ರಾಮಿಂಗ್ ಭಾಷೆ: ತೂಕದ ಚೀಟಿಯಲ್ಲಿ ನಿಮಿಷ ತಪ್ಪು ಬರ್ತಿದೆ

ಪ್ರಶ್ನೆ: ರಾಯಚೂರಿನ ಅಡತಿ ಅಂಗಡಿಗೆ ಹತ್ತಿ ತೂಕದ ಚೀಟಿ ಮುದ್ರಿಸೋ ಪ್ರೋಗ್ರಾಂ. ದಿನಾಂಕ, ವೇಳೆ ಹೇಗೆ ಅಚ್ಚಾಗಬೇಕು ಅನ್ನೋ ಮಾದರಿ 02-01-2006 15:05 ಅಂತ ಕೊಟ್ಟೀವಿ. ಸಂಜೆ 4:10ಕ್ಕೆ ತೂಗಿದ ಗಾಡಿಗೆ 16:37 ಬಂತು. ಯಾಕ್ರೀ?

ಉತ್ತರ 1: 05 ಅಂದರೆ ಸೆಕೆಂಡು ರೀ. 16:10:37ರಲ್ಲಿನ 37 ಅದು. ಗೋದಲ್ಲಿ ಮಾದರಿಗೆ ಮನಸ್ಸಿಗೆ ಬಂದ ದಿನಾಂಕ ಬರೆಯೋ ಹಾಗಿಲ್ಲ. 2006ರ ಜನವರಿ 2, ಮಧ್ಯಾಹ್ನ 3:04:05, ಇದೊಂದೇ. ತಿಂಗಳು 1, ದಿನ 2, ಗಂಟೆ 3, ನಿಮಿಷ 4, ಸೆಕೆಂಡು 5, ವರ್ಷ 6. ಅಮೆರಿಕದವರ ಕ್ರಮ, ಅದಕ್ಕೇ ನಮ್ಮವರು ಎಡವೋದು. 15:04 ಮಾಡಿ.

ಉತ್ತರ 2: 12 ಗಂಟೆ ಲೆಕ್ಕ ಬೇಕಾದರೆ 03:04 ಜೊತೆ ಪಿಎಂ ಬರೀರಿ, ಬೆಳಿಗ್ಗೆ ಅದೇ ಎಎಂ ಆಗುತ್ತೆ. ಮಾದರಿಯಲ್ಲೇ ಎಎಂ ಬರೆದರೆ ಸಂಜೆಗೂ ಎಎಂ ಅಂತಲೇ ಅಚ್ಚಾಗುತ್ತೆ. ಪರೀಕ್ಷೆಗೆ 25-12ರಂಥ ದಿನ ಹಾಕಿ. 05-05 ಹಾಕಿದರೆ ದಿನ, ತಿಂಗಳು ಅದಲುಬದಲಾದರೂ ಗೊತ್ತಾಗಲ್ಲ.

ಪ್ರಶ್ನೆ ಕೇಳಿದವರು: ಸರಿಹೋಯ್ತು ರೀ. ಆದರೆ ಸರ್ವರ್‌ಗೆ ಹಾಕಿದರೆ 10:40 ತೋರಿಸ್ತದ.

ಉತ್ತರ 1: ಸರ್ವರ್ ಯುಟಿಸಿಯಲ್ಲಿದೆ (ಜಗತ್ತಿನ ಪ್ರಮಾಣ ವೇಳೆ), ನಮ್ಮ ವೇಳೆಗಿಂತ ಐದೂವರೆ ತಾಸು ಹಿಂದೆ. ಮುದ್ರಿಸೋ ಮುಂಚೆ ಏಷ್ಯಾ/ಕೋಲ್ಕತಾ ವಲಯಕ್ಕೆ, ಅಂದರೆ ಭಾರತದ ವೇಳೆಗೆ ಬದಲಿಸಿ. ಪ್ರೋಗ್ರಾಂ ತುಂಬಿ ಓಡಿಸೋ ಸಣ್ಣ ಕಂಟೇನರ್‌ನಲ್ಲಿ ವಲಯದ ಕಡತ ಇಲ್ಲದಿದ್ದರೆ ಎರರ್ ಬರುತ್ತೆ, ಆಗ 19800 ಸೆಕೆಂಡಿನ (ಅದೇ ಐದೂವರೆ ತಾಸು) ಸ್ಥಿರ ವಲಯ ಸಾಕು.