ಅಪ್‌ಡೇಟ್: ಹಳೆಯ ರಿಸೀವರ್ ಮನೆಗೆ ಬಂತು

ಹದಿನೈದು ಸಾವಿರದೊಳಗೆ ಹೋಮ್ ಥಿಯೇಟರ್ ರಿಸೀವರ್ (ಟಿವಿಯ ಸದ್ದನ್ನು ಹಲವು ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ) ಸಿಗುತ್ತದೆಯೇ, ಟಿವಿ ಕೆಳಗಿಡುವ ಉದ್ದನೆಯ ಸೌಂಡ್‌ಬಾರ್‌ಗೇ ತೃಪ್ತಿಪಡಬೇಕೇ ಎಂದು ಕೇಳಿದ್ದೆ. ಬಳಸಿದ್ದನ್ನೇ ಕೊಳ್ಳಿ ಎಂದವರ ಮಾತು ಕೇಳಿದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿ ಒಬ್ಬರ ಮನೆಯಲ್ಲಿ 5.1 ಚಾನೆಲ್‌ನದು (ಐದು ಸ್ಪೀಕರ್, ಜೊತೆಗೆ ಗುಡುಗಿನಂಥ ತಗ್ಗಿನ ಸದ್ದಿಗೆ ಒಂದು ಸಬ್‌ವೂಫರ್ ಜೋಡಿಸಬಹುದಾದದ್ದು) 11,000 ರೂಪಾಯಿಗೆ ಸಿಕ್ಕಿತು. ಒಂದೇ ಸ್ಪೀಕರನ್ನು ಐದೂ ಚಾನೆಲ್‌ಗಳಿಗೆ ಸರದಿಯಂತೆ ಜೋಡಿಸಿ ಪರೀಕ್ಷಿಸಿದೆ; ಮಾರುವವರು ಬೇಸರಿಸಿಕೊಂಡರೂ ಚಹಾ ಕೊಟ್ಟರು.

ಮೊದಲ ದಿನ ಟಿವಿಯ ಸದ್ದೇ ಇಲ್ಲ. ಎಚ್‌ಡಿಎಂಐ ಕೇಬಲ್ಲನ್ನು ಎಆರ್‌ಸಿ ಎಂದು ಬರೆದ, ಟಿವಿಯ ಸದ್ದನ್ನು ರಿಸೀವರ್‌ಗೆ ಕಳಿಸುವ ಕಿಂಡಿಗೆ ನಾನು ಹಾಕಿಯೇ ಇರಲಿಲ್ಲ! ಆಮೇಲೂ ನಮ್ಮ ಬೆನ್ನ ಹಿಂದಿನ ಸ್ಪೀಕರ್‌ಗಳು ಮೂಕವಾಗಿದ್ದವು. ಟಿವಿ ಸೆಟ್ಟಿಂಗ್‌ನಲ್ಲಿ ಪಿಸಿಎಂ (ಟಿವಿಯೇ ಸದ್ದನ್ನು ಬಿಡಿಸಿ, ಸಾಮಾನ್ಯವಾಗಿ ಎರಡೇ ಚಾನೆಲ್‌ಗಳಲ್ಲಿ ಕಳಿಸುವ ಬಗೆ) ಬದಲು ಬಿಟ್‌ಸ್ಟ್ರೀಮ್ (ಸದ್ದನ್ನು ಬಿಡಿಸದೆ ರಿಸೀವರ್‌ಗೇ ಒಪ್ಪಿಸುವ ಬಗೆ) ಆರಿಸಿದಾಗ ಬಾಯಿಬಿಟ್ಟವು.

ನಮ್ಮೂರಿನ ಮೇ ಬಿಸಿಲಿಗೆ ಹೆದರಿ ರಿಸೀವರನ್ನು ಷೋಕೇಸಿನಿಂದ ಹೊರಗಿಟ್ಟು, ಮೇಲೆ ಗಾಳಿಯಾಡಲು ಜಾಗ ಬಿಟ್ಟಿದ್ದೇನೆ. ಆ ಜಾಗದಲ್ಲಿ ಅಮ್ಮ ಹೂದಾನಿ ಇಡದಂತೆ ಕಾಯುವುದೇ ಈಗಿನ ಕೆಲಸ. ಸಬ್‌ವೂಫರ್ ದಸರೆಗೆ.